ನಿಂತ ಅನುದಾನವನ್ನು ಅಂಗಡಿ ಬೀದಿಗೆ ತಿರುಗಿಸಿದ ನನ್ನ ಅನುಭವ

ಅಮೆರಿಕದ ಒಂದು ಮಧ್ಯಮ ಗಾತ್ರದ ನಗರದಲ್ಲಿ ಸಿಡಿಬಿಜಿ, ಅಂದರೆ ಮುಖ್ಯವಾಗಿ ಕಡಿಮೆ ಮತ್ತು ಮಧ್ಯಮ ಆದಾಯದವರ ಅನುಕೂಲಕ್ಕೆಂದು ಕೇಂದ್ರ ಸರ್ಕಾರ ನಗರಗಳಿಗೆ ಕೊಡುವ ಸಮುದಾಯ ಅಭಿವೃದ್ಧಿ ಅನುದಾನ, ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ವರ್ಷಕ್ಕೆ ಸುಮಾರು 12 ಲಕ್ಷ ಡಾಲರ್ ಬರುತ್ತದೆ. ಜಾಗದ ತಕರಾರಿನಿಂದ ಸಮುದಾಯ ಭವನದ ಕಾಮಗಾರಿ ನಿಂತುಹೋಗಿ, ಖರ್ಚಾಗದ ಮೊತ್ತ 20 ಲಕ್ಷ ದಾಟಿತ್ತು. ಕಾರ್ಯಕ್ರಮ ವರ್ಷ ಮುಗಿಯಲು 60 ದಿನ ಇರುವಾಗ ಬಾಕಿ ಹಣವು ವಾರ್ಷಿಕ ಅನುದಾನದ ಒಂದೂವರೆ ಪಟ್ಟನ್ನು ಮೀರಬಾರದೆಂಬ ಹಡ್ (ಈ ಅನುದಾನ ನೀಡುವ ಕೇಂದ್ರದ ವಸತಿ ಮತ್ತು ನಗರಾಭಿವೃದ್ಧಿ) ಇಲಾಖೆಯ ನಿಯಮ ಬಲ್ಲವರಿಗೆ ನಮ್ಮ ಆತಂಕ ಅರ್ಥವಾದೀತು. ಎಲ್ಲವನ್ನೂ ರಸ್ತೆಗೆ ಸುರಿದು ಮುಗಿಸೋಣ ಎಂಬುದು ಹೆಚ್ಚಿನವರ ಅಭಿಪ್ರಾಯವಾಗಿತ್ತು. ನಾಲ್ಕು ಲಕ್ಷವನ್ನಾದರೂ ಹಳೆಯ ಅಂಗಡಿ ಬೀದಿಯ ಮುಂಭಾಗಗಳ ದುರಸ್ತಿಗೆ ಕೊಡಬೇಕೆಂದು ನಾನು ಪಟ್ಟು ಹಿಡಿದೆ. ಸಣ್ಣ ಅಂಗಡಿಗಳ ಹಣ ಎಂದೂ ಬೇಗ ಖರ್ಚಾಗುವುದಿಲ್ಲ ಎಂದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು.

ಮಾಲೀಕರು ಮೊದಲು ತಮ್ಮ ಕೈಯಿಂದ ಖರ್ಚು ಮಾಡಬೇಕು, ಬಿಲ್ಲು ಕೊಟ್ಟ ಮೇಲೆ ನಾವು ತುಂಬಿಕೊಡುತ್ತೇವೆ ಎಂದು ಷರತ್ತು ಹಾಕಿದ್ದೆವು. 25ರಷ್ಟು ಅರ್ಜಿಗಳು ಬಂದವು, ಕೆಲಸ ಮುಗಿಸಿದವರು ಆರು ಮಂದಿ. ಉಳಿದವರ ಬಳಿ ಮುಂಗಡ ಹಾಕಲು ಹಣವೇ ಇರಲಿಲ್ಲ. ಕೆಲಸ ಶುರುವಾಗುವ ಮೊದಲೇ ಮುಗಿಯಬೇಕಾದ ಪರಿಸರ ಪರಿಶೀಲನೆಗೆ ಕಾಯದೆ ಒಬ್ಬ ಮಹಿಳೆ ಕಿಟಕಿಗಳನ್ನು ಬದಲಾಯಿಸಿದ್ದರಿಂದ ಅವರಿಗೆ ಬರಬೇಕಿದ್ದ ಸುಮಾರು 9,000 ಡಾಲರ್ ಕೈತಪ್ಪಿತು. ಆ ಎಚ್ಚರಿಕೆಯನ್ನು ಪತ್ರದ ಎರಡನೆಯ ಪುಟದಲ್ಲಿ ಬರೆದವನು ನಾನು. ಅದು ಇಂದಿಗೂ ನನ್ನನ್ನು ಕಾಡುತ್ತದೆ. ಇನ್ನು 2,000 ಡಾಲರ್ ಮೀರಿದ ಕಾಮಗಾರಿಗೆ ಡೇವಿಸ್-ಬೇಕನ್ ಕಾಯ್ದೆಯ ಕನಿಷ್ಠ ಕೂಲಿ ದರ ಅನ್ವಯವಾಗುವುದರಿಂದ, ವಾರವಾರದ ವೇತನ ಪಟ್ಟಿಯ ಹೆಸರು ಕೇಳಿಯೇ ಸಣ್ಣ ಪೇಂಟರುಗಳು ಹಿಂದೆ ಸರಿದರು.

ಎರಡನೆಯ ಸುತ್ತಿನಲ್ಲಿ ಮರುಪಾವತಿಯನ್ನು ಕೈಬಿಟ್ಟು, ಕೆಲಸವನ್ನು ಪರಿಶೀಲಿಸಿದ ನಂತರ ಗುತ್ತಿಗೆದಾರರಿಗೆ ನಗರವೇ ನೇರವಾಗಿ ಪಾವತಿಸುವಂತೆ ಮಾಡಿದೆ. ಪ್ರತಿ ಶುಕ್ರವಾರ ಮಧ್ಯಾಹ್ನ ನಮ್ಮ ಕಚೇರಿಯ ಒಬ್ಬರು ಅವರೊಂದಿಗೆ ಕುಳಿತು ವೇತನ ಪಟ್ಟಿ ತುಂಬಿಸಿದರು. ಕಾಗದದ ಭಯ ಎರಡೇ ತಿಂಗಳಲ್ಲಿ ಹೋಯಿತು. ಮೊದಲು ಈ ಖರ್ಚನ್ನು ಉದ್ಯೋಗ ಸೃಷ್ಟಿಯ ಲೆಕ್ಕದಲ್ಲಿ ತೋರಿಸಲು ಹೋಗಿ, 35,000 ಡಾಲರಿಗೆ ಒಂದು ಉದ್ಯೋಗದ ದಾಖಲೆ ಹುಡುಕುವುದರಲ್ಲೇ ಸೋತಿದ್ದೆವು. ಹೊರಮೈ ದುರಸ್ತಿಯನ್ನು ಸಿಡಿಬಿಜಿ ನಿಯಮಾವಳಿಯಲ್ಲಿ ಕಟ್ಟಡ ದುರಸ್ತಿಗೆ ಸಂಬಂಧಿಸಿದ 570.202ರ ಅಡಿಯಲ್ಲಿಟ್ಟು, ಕಡಿಮೆ ಮತ್ತು ಮಧ್ಯಮ ಆದಾಯದ ನಿವಾಸಿಗಳು ಶೇ. 51ಕ್ಕಿಂತ ಕಡಿಮೆಯಿಲ್ಲದ ಪ್ರದೇಶದ ಪ್ರಯೋಜನವೆಂದು ತೋರಿಸಿದಾಗ ಆ ತೊಡಕೇ ಉಳಿಯಲಿಲ್ಲ. ಸೇವಾ ಪ್ರದೇಶದ ಗಡಿಯನ್ನು ಹೇಗೆ ಸಮರ್ಥಿಸಿಕೊಂಡೆ, ಯಾವ ಅಂಗಡಿಯಿಂದ ಆರಂಭಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ವರ್ಷಗಟ್ಟಲೆ ಬೀದಿ ಸುತ್ತಿ ಕಲಿತದ್ದು.

ನಡುವೆ 40,000 ಡಾಲರನ್ನು ಐದು ಅಥವಾ ಅದಕ್ಕಿಂತ ಕಡಿಮೆ ಮಂದಿ ದುಡಿಯುವ ಕಿರು ಉದ್ಯಮಗಳ ಯಂತ್ರೋಪಕರಣಕ್ಕೂ ಕೊಟ್ಟು ನೋಡಿದೆ. ಹಣ ಬೇಗ ಖರ್ಚಾಯಿತು, ಆದರೆ ಪ್ರತಿ ಮಾಲೀಕರ ಆದಾಯದ ದಾಖಲೆ ಸಂಗ್ರಹಿಸುವುದರಲ್ಲಿ ಸಿಬ್ಬಂದಿ ಹೈರಾಣಾದರು. ಮುಂದೆ ಮಾಡಿದರೆ ಸಾಲ ನೀಡುವ ಸಂಸ್ಥೆಯೊಂದರ ಜೊತೆಗೂಡಿಯೇ ಮಾಡುವೆ.

ಅನುದಾನವನ್ನು ಯಾವುದಕ್ಕೆ ಬಳಸುತ್ತೇವೆಂದು ಹಡ್‌ಗೆ ಕೊಡುವ ಕಾರ್ಯಯೋಜನೆಗೆ ತಿದ್ದುಪಡಿ ತರುವಾಗ 30 ದಿನಗಳ ಸಾರ್ವಜನಿಕ ಅಭಿಪ್ರಾಯದ ಅವಧಿ ಎರಡು ಬಾರಿ ಹಿಡಿಯದಂತೆ, ಎಲ್ಲ ಬದಲಾವಣೆಗಳನ್ನೂ ಒಂದೇ ತಿದ್ದುಪಡಿಯಲ್ಲಿ ಸೇರಿಸಿದ್ದು ನಮಗೆ ಬಹಳ ಸಮಯ ಉಳಿಸಿತು.

ಹದಿನಾಲ್ಕು ತಿಂಗಳಲ್ಲಿ 17 ಅಂಗಡಿಗಳ ಮುಂಭಾಗ ಹೊಸದಾಯಿತು. ಹಡ್ ಬಾಕಿ ಹಣವನ್ನು ಅಳೆಯುವ ಮುಂದಿನ ಪರೀಕ್ಷೆಯ ದಿನ ನಮ್ಮ ಬಾಕಿ ವಾರ್ಷಿಕ ಅನುದಾನದ 1.3 ಪಟ್ಟಿನ ಆಸುಪಾಸಿನಲ್ಲಿತ್ತು. ಅನುಮಾನಪಟ್ಟವರೇ ಈಗ ಮೊತ್ತ ಹೆಚ್ಚಿಸಲು ಕೇಳುತ್ತಿದ್ದಾರೆ. ಪಕ್ಕದ ಬೀದಿಯ ಮೂವತ್ತಕ್ಕೂ ಹೆಚ್ಚು ಅರ್ಜಿಗಳು ನನ್ನ ಮೇಜಿನ ಮೇಲಿವೆ. ಪರಿಸರ ಪರಿಶೀಲನೆ ಮುಗಿಯುವ ತನಕ ಒಂದು ಮೊಳೆಯನ್ನೂ ಕೀಳಬಾರದೆಂದು ಈ ಸಲ ಪ್ರತಿ ಅಂಗಡಿಗೂ ನಾನೇ ಹೋಗಿ ಹೇಳಿಬಂದಿದ್ದೇನೆ.