ಆಯತದ ಲೆಕ್ಕ: ಮಧ್ಯದ ಪದ ಒಡೆಯುವಾಗ ಎಡವಬೇಡಿ

ವಿಜಯಪುರದಲ್ಲಿ ನನ್ನ ಹತ್ತಿರ ಟ್ಯೂಷನ್‌ಗೆ ಬರುವ ಹತ್ತನೇ ತರಗತಿಯ ಮಕ್ಕಳಿಗೆ ಆಯತದ ಸೂತ್ರ ಗೊತ್ತು. ವರ್ಗ ಸಮೀಕರಣವೂ ಗೊತ್ತು. ಎರಡನ್ನೂ ಸೇರಿಸಿ ಒಂದು ಲೆಕ್ಕ ಕೊಟ್ಟರೆ ಮಾತ್ರ ಪೆನ್ನು ನಿಲ್ಲುತ್ತದೆ. ಹಾಗಾಗಿ ಉತ್ತರ ಮೊದಲೇ ಗೊತ್ತಿರುವ ಲೆಕ್ಕದಿಂದ ಶುರು ಮಾಡೋಣ.

ಒಂದು ಸೈಟಿನ ಉದ್ದ ಅಗಲಕ್ಕಿಂತ 10 ಅಡಿ ಜಾಸ್ತಿ. ವಿಸ್ತೀರ್ಣ 1200 ಚದರ ಅಡಿ. ಅಳತೆ ಎಷ್ಟು? ಥರ್ಟಿ ಫಾರ್ಟಿ ಸೈಟು, ಅಲ್ವಾ? ಈಗ ಬೀಜಗಣಿತದಲ್ಲಿ ಅಲ್ಲಿಗೆ ತಲುಪಬೇಕು.

ಮೊದಲು ಚಿತ್ರ ಬರೆಯಿರಿ. ಪುಸ್ತಕದಲ್ಲಿ ಎಕ್ಸ್ ಇರುತ್ತದೆ, ನಾನು ಅಗಲಕ್ಕೆ ‘ಅ’ ಎಂದೇ ಬರೆಸುತ್ತೇನೆ. ಕೊನೆಯಲ್ಲಿ ಸಿಕ್ಕಿದ್ದು ಅಗಲವೋ ಉದ್ದವೋ ಎಂಬ ಗೊಂದಲ ಇರುವುದಿಲ್ಲ. ಉದ್ದ ಅ + 10.

ಅ(ಅ + 10) = 1200

ಇಲ್ಲೇ ಕೆಲವರು ‘ಅ = 1200 ಅಥವಾ ಅ + 10 = 1200’ ಎಂದು ಬರೆದುಬಿಡುತ್ತಾರೆ. ಹಾಗೆ ಬೇರ್ಪಡಿಸಲು ಬಲಬದಿಯಲ್ಲಿ ಸೊನ್ನೆಯೇ ಇರಬೇಕು. ಗುಣಲಬ್ಧ ಸೊನ್ನೆಯಾದರೆ ಎರಡರಲ್ಲಿ ಒಂದು ಸೊನ್ನೆ ಆಗಲೇಬೇಕು. 1200ಕ್ಕೆ ಅಂಥ ಕಟ್ಟುಪಾಡಿಲ್ಲ. ಆದ್ದರಿಂದ ಎಲ್ಲವನ್ನೂ ಎಡಕ್ಕೆ ತನ್ನಿ:

ಅ² + 10ಅ − 1200 = 0

ಈಗ ನಿಜವಾದ ಕೆಲಸ, ಮಧ್ಯದ ಪದ 10ಅ ಒಡೆಯುವುದು. ಗುಣಿಸಿದರೆ −1200, ಕೂಡಿಸಿದರೆ +10 ಬರುವ ಎರಡು ಸಂಖ್ಯೆ ಬೇಕು. ಮಕ್ಕಳು 1 × 1200, 2 × 600 ಎಂದು ಮೇಲಿನಿಂದ ಪಟ್ಟಿ ಮಾಡುತ್ತ ಕೂರುತ್ತಾರೆ. ಬೇಡ. ಗುಣಲಬ್ಧ ಋಣವಾಗಿರುವುದರಿಂದ ಒಂದು ಸಂಖ್ಯೆ ಧನ, ಇನ್ನೊಂದು ಋಣ; ಚಿಹ್ನೆ ಬಿಟ್ಟು ನೋಡಿದರೆ ಅವುಗಳ ವ್ಯತ್ಯಾಸ ಕೇವಲ 10. ಅಂದರೆ ಎರಡೂ 1200ರ ವರ್ಗಮೂಲದ ಅಕ್ಕಪಕ್ಕ, ಸುಮಾರು 35ರ ಆಚೀಚೆ ಇರಬೇಕು. ಅಲ್ಲಿಂದ ಹುಡುಕಿದರೆ 40 ಮತ್ತು 30 ಬೇಗ ಸಿಗುತ್ತವೆ. ಕೂಡಿಸಿದಾಗ +10 ಬರಬೇಕಾದ್ದರಿಂದ ದೊಡ್ಡದಕ್ಕೆ ಧನ ಚಿಹ್ನೆ: +40, −30.

ಅ² + 40ಅ − 30ಅ − 1200 = 0
ಅ(ಅ + 40) − 30(ಅ + 40) = 0

ಈ ಎರಡನೇ ಸಾಲನ್ನು ನಿಧಾನವಾಗಿ ಬರೆಯಿರಿ. −30 ಹೊರಗೆ ತೆಗೆದರೆ ಒಳಗಿನ ಚಿಹ್ನೆ ಬದಲಾಗಬೇಕು. ‘−30(ಅ − 40)’ ಎಂದು ಬರೆಯುವವರೇ ಜಾಸ್ತಿ. ಎರಡೂ ಆವರಣ ಒಂದೇ ಥರ ಇರದಿದ್ದರೆ ಮುಂದೆ ಹೋಗಬೇಡಿ. ಹೊಂದಿಸಲು ಸುಮ್ನೆ ಚಿಹ್ನೆ ತಿದ್ದಲೂಬೇಡಿ, ಹಿಂದಿನ ಸಾಲಿಗೆ ಹೋಗಿ ನೋಡಿ.

(ಅ + 40)(ಅ − 30) = 0. ಅ = −40 ಅಥವಾ 30. ಅಗಲ ಋಣ ಆಗದು. ಅಗಲ 30, ಉದ್ದ 40 ಅಡಿ.

ಅ² ಮುಂದೆ ಸಂಖ್ಯೆ ಇದ್ದರೆ? ತಿಕೋಟಾ ಕಡೆಯ ಒಂದು ದ್ರಾಕ್ಷಿ ಶೆಡ್ ಎಂದುಕೊಳ್ಳಿ. ಉದ್ದ ಅಗಲದ ಎರಡರಷ್ಟಕ್ಕಿಂತ 3 ಮೀಟರ್ ಹೆಚ್ಚು, ವಿಸ್ತೀರ್ಣ 65 ಚದರ ಮೀಟರ್. 2ಅ² + 3ಅ − 65 = 0. ಇಲ್ಲಿ ಒಡೆಯಬೇಕಾದ್ದು 65 ಅಲ್ಲ, 2 × 65 = 130. 13 ಮತ್ತು 10. ಉಳಿದದ್ದು ಮೇಲಿನಂತೆಯೇ: (ಅ − 5)(2ಅ + 13) = 0. ಅಗಲ 5, ಉದ್ದ 13.

ಫೋನಿನಲ್ಲಿ ಫೋಟೊ ತೆಗೆದರೆ ಉತ್ತರ ಕೊಡುವ ಆ್ಯಪ್‌ಗಳು ಇವೆ. ಸಮೀಕರಣ ರಚಿಸುವುದನ್ನು ಅವು ನಿಮಗೆ ಕಲಿಸವು. ಮಧ್ಯದ ಹಂತ ನುಂಗಿದ ಗೈಡುಗಳಂತೂ ಬೇಡವೇ ಬೇಡ. ವರ್ಗ ಸಮೀಕರಣದ ಸೂತ್ರವೂ ಆಮೇಲಿರಲಿ. ಆದರೆ ಅಪವರ್ತನ ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ಶೋಧಕ, ಅಂದರೆ b² − 4ac ನೋಡಿ (a ವರ್ಗಪದದ ಸಂಖ್ಯೆ, b ಮಧ್ಯದ ಪದದ್ದು, c ಕೊನೆಯದು). ಸೈಟಿನ ಲೆಕ್ಕದಲ್ಲಿ ಅದು 100 + 4800 = 4900, ಅಂದರೆ 70ರ ವರ್ಗ. ಪೂರ್ಣ ವರ್ಗ ಬಂದರೆ ಧೈರ್ಯವಾಗಿ ಒಡೆಯಿರಿ.

ಕೊನೆಗೆ ದಾರಿಯ ಲೆಕ್ಕ. 10 ಮೀಟರ್ ಉದ್ದ, 6 ಮೀಟರ್ ಅಗಲದ ಹೂದೋಟ. ಸುತ್ತಲೂ ಒಂದೇ ಅಗಲದ ದಾರಿ. ದಾರಿ ಸೇರಿ 96 ಚದರ ಮೀಟರ್. ದಾರಿಯ ಅಗಲ ‘ದ’ ಆದರೆ ಅದು ಎರಡೂ ಬದಿಗೆ ಸೇರುತ್ತದೆ: (10 + 2ದ)(6 + 2ದ) = 96. ಬಿಡಿಸಿ 4ರಿಂದ ಭಾಗಿಸಿದರೆ ದ² + 8ದ − 9 = 0. ದ = 1 ಮೀಟರ್. 2ದ ಬದಲು ಬರೀ ದ ಬರೆದರೂ ಅಪವರ್ತನ ಅಂದವಾಗಿ ಆಗುತ್ತದೆ, ದ = 2 ಬರುತ್ತದೆ. 12 × 8 = 96 ಎಂದು ತಾಳೆಯೂ ಆಗುತ್ತದೆ. ಆದರೆ ಅದು ಎರಡು ಬದಿಯ ಒಟ್ಟು ಅಗಲ. 2 ಮೀಟರ್ ದಾರಿಯನ್ನು ಚಿತ್ರದ ನಾಲ್ಕೂ ಬದಿಗೆ ಬರೆದು ನೋಡಿ: 14 × 10, ಅಂದರೆ 140 ಚದರ ಮೀಟರ್ ಆಗಿಬಿಡುತ್ತದೆ.