ನನ್ನ ಮೆಷಿನ್‌ನಲ್ಲಿ ಫೈಲ್ ಇತ್ತು, ಪ್ಯಾಕೇಜ್‌ನಲ್ಲಿ ಇರಲಿಲ್ಲ

ಶುಕ್ರವಾರ ಸಂಜೆ ಹೊಸ ಪ್ಯಾಕೇಜ್ (ಸರ್ವರ್‌ಗೆ ಹಾಕಲು ಕಟ್ಟಿದ ಪ್ರೋಗ್ರಾಂ ಗಂಟು) ಬಿಡಬಾರದು ಅಂತ ಎಲ್ಲರಿಗೂ ಗೊತ್ತು. ಆದರೂ ಬಿಟ್ಟಿದ್ದೆ. ರಾತ್ರಿ ಊಟಕ್ಕೆ ಕೂತಾಗ ಸರ್ವರ್ ನೋಡಿಕೊಳ್ಳುವ ಹುಡುಗ ಫೋನ್ ಮಾಡಿದ.

"ಸಾರ್, ಸರ್ವಿಸ್ ಏಳ್ತಾನೇ ಇಲ್ಲ. ಕಾನ್ಫಿಗ್ ಫೈಲ್ ಸಿಕ್ತಿಲ್ಲ ಅಂತಿದೆ."

"ಇರುತ್ತೆ ನೋಡಪ್ಪ, /ಇಟಿಸಿ ಒಳಗೆ."

"ನೋಡಿದೆ ಸಾರ್. ಅಲ್ಲಿ ನಮ್ಮ ಪ್ರೋಗ್ರಾಮಿನ ಡೈರೆಕ್ಟರಿನೇ ಇಲ್ಲ."

/ಇಟಿಸಿ ಅಂದರೆ ಸೆಟ್ಟಿಂಗ್ ಫೈಲ್‌ಗಳು ಇರುವ ಡೈರೆಕ್ಟರಿ. ನನ್ನ ಕಡೆ ಆ ಫೈಲ್ ಅಲ್ಲೇ ಇತ್ತು. ಬಿಲ್ಡ್ ಮಾಡಿದ ಕಂಟೇನರ್‌ನಲ್ಲೇ (ಮೆಷಿನ್ ಒಳಗಿನ ಪ್ರತ್ಯೇಕ ಪುಟ್ಟ ಸಿಸ್ಟಮ್) ಪ್ಯಾಕೇಜ್ ಹಾಕಿ, ಪ್ರೋಗ್ರಾಂ ಓಡಿಸಿ ನೋಡಿಯೇ ಕಳಿಸಿದ್ದೆ. ತಟ್ಟೆ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆರೆದೆ. ಕಂಟೇನರ್‌ನಲ್ಲಿ ಫೈಲ್ ಈಗಲೂ ಕೂತಿತ್ತು. ಅದು ಯಾವ ಪ್ಯಾಕೇಜಿಗೆ ಸೇರಿದ್ದು ಅಂತ ಪ್ಯಾಕೇಜ್‌ಗಳನ್ನು ಹಾಕಿ ಲೆಕ್ಕ ಇಡುವ ಡಿಪಿಕೆಜಿಯನ್ನು 'ಡಿಪಿಕೆಜಿ -ಎಸ್' ಕೊಟ್ಟು ಕೇಳಿದೆ. ಯಾರದ್ದೂ ಅಲ್ಲ ಎಂದಿತು. ಆಗ ಹೊಳೆಯಿತು.

ನಮ್ಮದು ಡೆಬಿಯನ್ ಲಿನಕ್ಸ್ ಸರ್ವರ್‌ಗಳು. ಆಫೀಸಿನಲ್ಲೇ ಬರೆದ ಪ್ರೋಗ್ರಾಂಗಳು, ಹೊರಗಿನಿಂದ ತಂದು ಸ್ವಲ್ಪ ತಿದ್ದಿಕೊಂಡವು, ಎಲ್ಲ ಸೇರಿ ಹತ್ತು ಹನ್ನೆರಡನ್ನು ಡೆಬ್ ಪ್ಯಾಕೇಜ್ ಮಾಡುವುದು ನನ್ನ ಪಾಲಿನ ಕೆಲಸ. ಕೆಲಸ ಬಿಟ್ಟು ಹೋದ ಸಹೋದ್ಯೋಗಿಯಿಂದ ಇದು ನನಗೆ ಬಂತು. ಆಗ ಅದರಲ್ಲಿ ಒಂದು ಪ್ಯಾಕೇಜಿನ 'ರೂಲ್ಸ್' ಫೈಲೇ (ಪ್ಯಾಕೇಜ್ ಹೇಗೆ ಕಟ್ಟಬೇಕು ಅನ್ನುವ ಸೂಚನೆಗಳು) 140 ಸಾಲು ಇತ್ತು. ಕಂಪೈಲ್ ಮಾಡುವ ಭಾಗ ಅದರಲ್ಲಿ ನಾಲ್ಕೇ ಸಾಲು. ಮಿಕ್ಕಿದ್ದೆಲ್ಲ ಇನ್‌ಸ್ಟಾಲ್ ಹಂತದ ತೇಪೆ.

ಆ ಶುಕ್ರವಾರ ಕಾಡಿದ್ದು ಒಂದೇ ಸಾಲು. ಪ್ರೋಗ್ರಾಂ ಬರೆದವರು ಕಂಪೈಲ್, ಇನ್‌ಸ್ಟಾಲ್ ಸೂಚನೆಗಳಿರುವ ಮೇಕ್‌ಫೈಲ್‌ನಲ್ಲಿ ಎಲ್ಲ ಕಡೆ ಡೆಸ್ಟ್‌ಡಿರ್ (ಪ್ಯಾಕೇಜಿಗೆ ಹೋಗುವ ಫೈಲ್‌ಗಳನ್ನು ಸದ್ಯಕ್ಕೆ ಇಳಿಸುವ ಡೈರೆಕ್ಟರಿ) ಹಾಕಿದ್ದರು. ಹೊಸದಾಗಿ ಸೇರಿಸಿದ ಕಾನ್ಫಿಗ್ ಫೈಲ್ ಕಾಪಿ ಮಾಡುವ ಸಾಲಿನಲ್ಲಿ ಮಾತ್ರ ಮರೆತು, ನೇರವಾಗಿ /ಇಟಿಸಿ ಅಂತ ಬರೆದಿದ್ದರು. ನಮ್ಮ ಕಂಟೇನರ್‌ನಲ್ಲಿ ಬಿಲ್ಡ್ ಓಡುತ್ತಿದ್ದುದು ಎಲ್ಲ ಅಧಿಕಾರ ಇರುವ ಯೂಸರ್ ರೂಟ್ ಆಗಿ. ರೂಟ್ ಅಂದಮೇಲೆ ತಡೆಯುವವರು ಯಾರು? ಫೈಲ್ ಪ್ಯಾಕೇಜಿನ ಒಳಗೆ ಹೋಗುವ ಬದಲು ಸೀದಾ ಕಂಟೇನರಿನ ಸ್ವಂತ /ಇಟಿಸಿಗೆ ಹೋಗಿ ಕೂತಿತ್ತು. ಒಂದು ಎಚ್ಚರಿಕೆಯೂ ಬರಲಿಲ್ಲ. ಅದೇ ಕಂಟೇನರ್‌ನಲ್ಲಿ ಪರೀಕ್ಷೆ ಮಾಡಿದೆನಲ್ಲ, ಪ್ರೋಗ್ರಾಮಿಗೆ ಫೈಲ್ ಸಿಕ್ಕಿತು, ಸುಮ್ನೆ ಓಡಿತು.

ಇದರಲ್ಲಿ ಅವರ ತಪ್ಪಿಗಿಂತ ನನ್ನದೇ ಜಾಸ್ತಿ. ಮಾರನೇ ವಾರವೇ ಬಿಲ್ಡನ್ನು ಸಾಮಾನ್ಯ ಯೂಸರ್ ಆಗಿ ಓಡುವ ಹಾಗೆ ಬದಲಿಸಿದೆ. ಪ್ಯಾಕೇಜಿನ ವಿವರಗಳಿರುವ ಕಂಟ್ರೋಲ್ ಫೈಲ್‌ನಲ್ಲಿ 'ರೂಲ್ಸ್-ರಿಕ್ವಯರ್ಸ್-ರೂಟ್: ನೋ' ಎಂದು ಬರೆದರೆ ರೂಟ್ ಇದ್ದ ಹಾಗೆ ನಟಿಸುವ ಫೇಕ್‌ರೂಟ್ ಕೂಡ ಬೇಕಾಗುವುದಿಲ್ಲ. ಆಮೇಲೆ ಇಂಥ ಸಾಲು ಬಂದರೆ 'ಪರ್ಮಿಷನ್ ಡಿನೈಡ್' ಅಂತ ಬಿಲ್ಡ್ ಅಲ್ಲೇ ಬೀಳುತ್ತದೆ. ಬದಲಿಸಿದ ದಿನವೇ ಇನ್ನೂ ಎರಡು ಪ್ಯಾಕೇಜ್ ಬಿದ್ದವು. ಒಂದಂತೂ ಎಷ್ಟು ತಿಂಗಳಿಂದ ಬಿಲ್ಡ್ ಮೆಷಿನ್‌ನ /ಯುಎಸ್ಆರ್/ಲೋಕಲ್ ಒಳಗೆ ಸ್ಕ್ರಿಪ್ಟ್ ಸುರಿಯುತ್ತಿತ್ತೋ ದೇವರೇ ಬಲ್ಲ.

ಡೆಸ್ಟ್‌ಡಿರ್ ಮತ್ತು ಪ್ರಿಫಿಕ್ಸ್ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಹೊಸಬರು ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ. ಪ್ರಿಫಿಕ್ಸ್ ಅಂದರೆ ಫೈಲ್ ಕೊನೆಗೆ ಹೋಗಿ ಇರುವ ಮನೆಯ ವಿಳಾಸ. ಡೆಸ್ಟ್‌ಡಿರ್ ಅಂದರೆ ಲಾರಿಗೆ ಹೇರುವ ಮುಂಚೆ ಸಾಮಾನನ್ನು ಜೋಡಿಸಿಡುವ ಜಗಲಿ. ಪ್ರಿಫಿಕ್ಸ್ /ಯುಎಸ್ಆರ್ ಆಗಿದ್ದು, ಡೆಸ್ಟ್‌ಡಿರ್ 'ಡೆಬಿಯನ್/ಟೆಂಪ್' ಆಗಿದ್ದರೆ ಫೈಲ್ ಸದ್ಯಕ್ಕೆ ಇಳಿಯುವುದು 'ಡೆಬಿಯನ್/ಟೆಂಪ್/ಯುಎಸ್ಆರ್' ಒಳಗೆ. ಆದರೆ ಪ್ರೋಗ್ರಾಮಿಗೆ ತನ್ನ ಮನೆ /ಯುಎಸ್ಆರ್ ಅಂತಲೇ ಗೊತ್ತಿರುತ್ತದೆ. ಗ್ನೂ ಕೋಡಿಂಗ್ ಸ್ಟ್ಯಾಂಡರ್ಡ್ಸ್ ಕೂಡ ಡೆಸ್ಟ್‌ಡಿರ್ ಇನ್‌ಸ್ಟಾಲ್ ಮತ್ತು ಅನ್‌ಇನ್‌ಸ್ಟಾಲ್ ಟಾರ್ಗೆಟ್‌ಗಳಲ್ಲಿ ಮಾತ್ರ ಇರಬೇಕು ಅನ್ನುತ್ತದೆ. ಕಂಪೈಲ್ ಆಗುವ ಕೋಡಿಗೆ ಅದರ ಸುಳಿವೂ ಸಿಗಬಾರದು.

ಮೊದಮೊದಲು ನಾನು ಮಾಡುತ್ತಿದ್ದುದೇನು? ಡೆಸ್ಟ್‌ಡಿರ್ ಗೊತ್ತಿಲ್ಲದ ಒಂದು ಹಳೇ ಮೇಕ್‌ಫೈಲಿಗೆ ಪ್ರಿಫಿಕ್ಸನ್ನೇ 'ಡೆಬಿಯನ್/ಟೆಂಪ್/ಯುಎಸ್ಆರ್' ಅಂತ ಕೊಟ್ಟುಬಿಟ್ಟಿದ್ದೆ. ಫೈಲ್‌ಗಳು ಸರಿಯಾದ ಜಾಗಕ್ಕೇ ಬಂದವು, ಪ್ಯಾಕೇಜ್ ಆಯಿತು, ಖುಷಿಪಟ್ಟೆ. ಸರ್ವರ್‌ನಲ್ಲಿ ಹಾಕಿದರೆ ಪ್ರೋಗ್ರಾಂ ತನ್ನ ಟೆಂಪ್ಲೇಟ್‌ಗಳನ್ನು ನನ್ನ ಹೋಮ್ ಡೈರೆಕ್ಟರಿಯಲ್ಲಿ ಹುಡುಕುತ್ತಿದೆ! ಸರ್ವರ್‌ನಲ್ಲಿ ನನ್ನ ಹೋಮ್ ಎಲ್ಲಿಂದ ಬರಬೇಕು? ಕಂಪೈಲ್ ಆಗುವಾಗಲೇ ಆ ವಿಳಾಸ ಬೈನರಿಯ ಹೊಟ್ಟೆಯೊಳಗೆ ಸೇರಿತ್ತು. ಲೈಬ್ರರಿ ಎಲ್ಲಿದೆ ಅಂತ ಬೇರೆ ಪ್ರೋಗ್ರಾಂಗಳಿಗೆ ತಿಳಿಸುವ, ಪಿಕೆಜಿ-ಕಾನ್ಫಿಗ್‌ನ '.ಪಿಸಿ' ಫೈಲ್‌ನಲ್ಲೂ ಅದೇ ವಿಳಾಸ. ಆವತ್ತಿನಿಂದ ಬಿಲ್ಡ್ ಮುಗಿದ ಮೇಲೆ ಇಡೀ 'ಡೆಬಿಯನ್/ಟೆಂಪ್' ಒಳಗೆ ಬಿಲ್ಡ್ ಡೈರೆಕ್ಟರಿಯ ಹೆಸರಿಟ್ಟು ಒಂದು ಗ್ರೆಪ್ ಹೊಡೆದು ಹುಡುಕುತ್ತೇನೆ. ಏನೂ ಸಿಗಬಾರದು. ಸಿಕ್ಕಿದರೆ ಬಿಲ್ಡ್ ಫೇಲ್. ಲೈಬ್ರರಿ ಹುಡುಕುವ ಆರ್‌ಪಾತ್‌ನಲ್ಲಿ ಬಿಲ್ಡ್ ಡೈರೆಕ್ಟರಿ ಉಳಿದಿದ್ದರೂ ಇದರಲ್ಲೇ ಸಿಕ್ಕಿಬೀಳುತ್ತದೆ.

ಇನ್ನೊಂದು ತಾಪತ್ರಯ ಇದಕ್ಕೆ ಉಲ್ಟಾ: ಫೈಲ್ ಜಗಲಿಗೆ ಬಂದಿರುತ್ತದೆ, ಲಾರಿ ಹತ್ತಿರುವುದಿಲ್ಲ. ನಾವು ಬಳಸುವ ಒಂದು ಹೊರಗಿನ ಪ್ರೋಗ್ರಾಮಿಗೆ ಯಾರೋ ಪುಣ್ಯಾತ್ಮರು ಕನ್ನಡ ಅನುವಾದ ಸೇರಿಸಿದ್ದರು. ಹೊಸ ಆವೃತ್ತಿಯಲ್ಲಿ ಕನ್ನಡ ಇದೆ ಅಂತ ಆಫೀಸಲ್ಲೆಲ್ಲ ಹೇಳಿಕೊಂಡು ಬಂದೆ. ಪ್ಯಾಕೇಜ್ ಹಾಕಿ ನೋಡಿದರೆ ಮೆನು ಪೂರಾ ಇಂಗ್ಲಿಷ್. ಅಕೌಂಟ್ಸ್‌ನ ಮೇಡಂ, "ಎಲ್ಲಪ್ಪಾ ನಿನ್ನ ಕನ್ನಡ?" ಅಂತ ಮೂರು ದಿನ ಬಿಡದೆ ಕೇಳಿದರು. ಹುಡುಕಿದರೆ, ಹಿಂದಿನವರು, ಪ್ಯಾಕೇಜಿಗೆ ಏನೇನು ಹೋಗಬೇಕು ಅನ್ನುವ '.ಇನ್‌ಸ್ಟಾಲ್' ಪಟ್ಟಿಯಲ್ಲಿ ಭಾಷೆಗಳ ಡೈರೆಕ್ಟರಿಗಳನ್ನು ಒಂದೊಂದಾಗಿ ಹೆಸರಿಸಿದ್ದರು. ಕನ್ನಡದ 'ಕೆಎನ್' ಡೈರೆಕ್ಟರಿ 'ಡೆಬಿಯನ್/ಟೆಂಪ್'ಗೆ ಬಂದು ಕಾಯುತ್ತಿತ್ತು. ಪಟ್ಟಿಯಲ್ಲಿ ಹೆಸರಿರಲಿಲ್ಲ, ಯಾರೂ ಕರೆಯಲಿಲ್ಲ.

ಡೆಬ್ ಪ್ಯಾಕೇಜ್ ಕಟ್ಟಲು ನೆರವಾಗುವ ಡೆಬ್‌ಹೆಲ್ಪರ್‌ನಲ್ಲಿ ಇದಕ್ಕೆಂದೇ 'ಡಿಎಚ್_ಮಿಸ್ಸಿಂಗ್' ಇದೆ. ಜಗಲಿಯಲ್ಲಿ ಉಳಿದುಹೋದ ಫೈಲ್‌ಗಳನ್ನು ಅದು ಹುಡುಕಿಕೊಡುತ್ತದೆ. ನಮ್ಮ ಪ್ಯಾಕೇಜ್ ಇದ್ದದ್ದು ಕಂಪ್ಯಾಟ್ 11ರಲ್ಲಿ (ಡೆಬ್‌ಹೆಲ್ಪರ್ ಯಾವ ಹಂತದ ನಿಯಮದಂತೆ ನಡೆಯಬೇಕು ಅನ್ನುವ ಸಂಖ್ಯೆ), ಅಲ್ಲಿ ನಾವಾಗಿ ಹೇಳದಿದ್ದರೆ ಅದು ತುಟಿ ಬಿಚ್ಚುವುದಿಲ್ಲ. 12ರಲ್ಲಿ ಪಟ್ಟಿ ತೋರಿಸಿ ಸುಮ್ಮನಾಗುತ್ತದೆ. 13ರಿಂದ ಬಿಲ್ಡನ್ನೇ ನಿಲ್ಲಿಸುತ್ತದೆ. ಎಲ್ಲ ಪ್ಯಾಕೇಜನ್ನೂ 13ಕ್ಕೆ ಏರಿಸಿದೆ. ಬೇಕೆಂದೇ ಬಿಡುವ ಫೈಲ್‌ಗಳನ್ನು 'ನಾಟ್-ಇನ್‌ಸ್ಟಾಲ್ಡ್' ಫೈಲ್‌ನಲ್ಲಿ ಬರೆದಿಟ್ಟೆ, ಯಾಕೆ ಬಿಟ್ಟೆ ಅಂತ ಪಕ್ಕದಲ್ಲೇ ಒಂದು ಸಾಲು ಕಾಮೆಂಟ್. ಆ ಒಂದು ಸಾಲು ಬರೆಯಲು ಸೋಮಾರಿತನ ಮಾಡಿದ್ದಕ್ಕೇ ಅಲ್ವಾ 140 ಸಾಲಿನ ರೂಲ್ಸ್ ಫೈಲ್ ಹುಟ್ಟಿದ್ದು.

ಆದರೆ ಡಿಎಚ್_ಮಿಸ್ಸಿಂಗ್‌ಗೆ ಜಗಲಿಯಲ್ಲಿರುವುದು ಮಾತ್ರ ಕಾಣುತ್ತದೆ. ಶುಕ್ರವಾರದ ಕಾನ್ಫಿಗ್ ಫೈಲ್ ಜಗಲಿಗೇ ಬಂದಿರಲಿಲ್ಲವಲ್ಲ, ಅದನ್ನು ಇದು ಹಿಡಿಯುತ್ತಿರಲಿಲ್ಲ. ಹಾಗಾಗಿ ಇನ್ನೊಂದು ಅಭ್ಯಾಸ ಇಟ್ಟುಕೊಂಡೆ. ಮದುವೆ ಮುಗಿದ ಮೇಲೆ ಶಾಮಿಯಾನದವರು ಚೀಟಿ ಹಿಡಿದು ಕೊಳಗ, ಸೌಟು, ಜಾಲರಿ ಎಣಿಸಿಕೊಳ್ಳುತ್ತಾರಲ್ಲ, ಹಾಗೆ. ಪ್ರತಿ ಪ್ಯಾಕೇಜಿನೊಳಗಿನ ಫೈಲ್‌ಗಳ ಹೆಸರು, ಪರ್ಮಿಷನ್, ಓನರ್ ಎಲ್ಲ ಇರುವ ಪಟ್ಟಿಯನ್ನು ಗಿಟ್‌ನಲ್ಲಿ ಇಟ್ಟಿದ್ದೇನೆ. 'ಡಿಪಿಕೆಜಿ-ಡೆಬ್ -ಸಿ' ಕೊಟ್ಟರೆ ಪಟ್ಟಿ ಬರುತ್ತದೆ, ಅದರಲ್ಲಿ ಸೈಜ್ ಮತ್ತು ದಿನಾಂಕ ಕತ್ತರಿಸಿ ಸಾರ್ಟ್ ಮಾಡಿದರಾಯಿತು. ಹೊಸ ಬಿಲ್ಡಿನ ಪಟ್ಟಿ ಹಳೇದಕ್ಕೆ ತಾಳೆಯಾಗದಿದ್ದರೆ ನಾನು ನೋಡಿ ಒಪ್ಪಬೇಕು. ಹತ್ತು ಸಾಲಿನ ಶೆಲ್ ಸ್ಕ್ರಿಪ್ಟ್. ನಾನು ಬರೆದದ್ದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವುದು ಅದೇ.

ಅದು ಹಿಡಿದ ಮೊದಲ ಕಳ್ಳ ನಾನೇ. ರೂಲ್ಸ್ ಫೈಲ್ ಗುಡಿಸುವಾಗ ಪರ್ಮಿಷನ್ ಬದಲಿಸುವ ಒಂದು ಚ್‌ಮಾಡ್ ಸಾಲು ಕಂಡಿತು. ಇನ್‌ಸ್ಟಾಲ್ ಆದಮೇಲೆ ಒಂದು ಸಣ್ಣ ಸಹಾಯಕ ಬೈನರಿಗೆ ಸೆಟ್‌ಜಿಐಡಿ ಬಿಟ್ (ಯಾರು ಓಡಿಸಿದರೂ ಫೈಲಿನ ಗ್ರೂಪ್‌ನ ಅಧಿಕಾರದಲ್ಲಿ ಓಡುವ ಹಾಗೆ ಮಾಡುವ ಗುರುತು) ಹಾಕುವ ಸಾಲು. ಮೇಕ್‌ಫೈಲ್‌ನಲ್ಲೇ ಅದನ್ನು ಹಾಕುತ್ತಾರೆ, ಮತ್ತೆ ಯಾಕೆ ಅಂತ ತೆಗೆದೆ. ಪಟ್ಟಿಯಲ್ಲಿ ತಕ್ಷಣ ಆ ಬಿಟ್ ಮಾಯ. ವಿಷಯ ಏನೆಂದರೆ 'ಡಿಎಚ್_ಫಿಕ್ಸ್‌ಪರ್ಮ್ಸ್' ಎಲ್ಲ ಫೈಲ್‌ಗಳ ಪರ್ಮಿಷನ್ ಸರಿಮಾಡುವಾಗ ಸೆಟ್‌ಯುಐಡಿ, ಸೆಟ್‌ಜಿಐಡಿ ಬಿಟ್‌ಗಳನ್ನು ಒರೆಸಿಹಾಕುತ್ತದೆ. ಅದು ಒಳ್ಳೆಯದೇ. ನಿಜವಾಗಿ ಬೇಕಿದ್ದವರು ಅದಾದ ಮೇಲೆ ಕೈಯಾರೆ ಹಾಕಿಕೊಳ್ಳಬೇಕು. ಸಾಲನ್ನು ವಾಪಸ್ ಇಟ್ಟೆ, ಈ ಸಲ ಕಾರಣದ ಜೊತೆ.

ಇಂಥದ್ದು ಇನ್ನೂ ಒಂದೆರಡು ಇವೆ. ಒಬ್ಬರು ಮೇಕ್‌ಫೈಲ್‌ನಲ್ಲಿ 'ಇನ್‌ಸ್ಟಾಲ್ -ಎಸ್' ಬಳಸಿದ್ದರು, ಅಂದರೆ ಕಾಪಿ ಮಾಡುವಾಗಲೇ ಡೀಬಗ್ ಮಾಹಿತಿ ಕಿತ್ತುಹಾಕುವುದು. ಪ್ರೋಗ್ರಾಂ ಕ್ರ್ಯಾಶ್ ಆದಾಗ ಬರೀ ನಂಬರ್‌ಗಳು ಕಂಡವು, ಒಂದು ಫಂಕ್ಷನ್ ಹೆಸರೂ ಇಲ್ಲ. ಆ '-ಎಸ್' ತೆಗೆದರೆ ಡಿಎಚ್_ಸ್ಟ್ರಿಪ್ ಆ ಮಾಹಿತಿಯನ್ನು ಬೇರೆ ಡೀಬಗ್ ಪ್ಯಾಕೇಜಿಗೆ ಹಾಕಿಕೊಡುತ್ತದೆ.

ಇನ್ನೊಂದರಲ್ಲಿ ಇನ್‌ಸ್ಟಾಲ್ ಟಾರ್ಗೆಟ್‌ನ ಕೊನೆಗೆ ಯಾವ ಬಗೆಯ ಫೈಲನ್ನು ಯಾವ ಪ್ರೋಗ್ರಾಂ ತೆರೆಯುತ್ತದೆ ಅನ್ನುವ ಪಟ್ಟಿ ಕಟ್ಟುವ 'ಅಪ್‌ಡೇಟ್-ಡೆಸ್ಕ್‌ಟಾಪ್-ಡೇಟಾಬೇಸ್' ಓಡುತ್ತಿತ್ತು. ಅದು ಹುಟ್ಟಿಸಿದ 'ಮೈಮ್‌ಇನ್ಫೋ.ಕ್ಯಾಶ್' ಕೂಡ ಪ್ಯಾಕೇಜಿನೊಳಗೆ ಸೇರಿತು. ನಮ್ಮ ಎರಡು ಪ್ಯಾಕೇಜ್ ಹೀಗೇ ಮಾಡುತ್ತಿದ್ದವು. ಎರಡನೆಯದನ್ನು ಹಾಕಲು ಹೋದರೆ, ಈ ಫೈಲ್ ಇನ್ನೊಂದು ಪ್ಯಾಕೇಜಿನದು, ಮೇಲೆ ಬರೆಯಲಾರೆ ಎಂದು ಡಿಪಿಕೆಜಿ ಕೈಯೆತ್ತಿತು. ಇನ್‌ಸ್ಟಾಲ್ ಹಂತದಲ್ಲಿ ಫೈಲ್ ಇಳಿಸಬೇಕು, ಅಷ್ಟೇ. ಕ್ಯಾಶ್ ಕಟ್ಟುವುದು, ಲೈಬ್ರರಿಗಳ ಪಟ್ಟಿ ಹೊಸದು ಮಾಡುವ ಎಲ್‌ಡಿಕಾನ್ಫಿಗ್ ಓಡಿಸುವುದು, ಯೂಸರ್ ಸೃಷ್ಟಿಸುವುದು ಎಲ್ಲ ಪ್ಯಾಕೇಜ್ ನಿಜವಾದ ಮೆಷಿನ್‌ಗೆ ಹೋದಮೇಲಿನ ಕೆಲಸ, ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟಿಗೋ ಡಿಪಿಕೆಜಿ ಟ್ರಿಗರ್‌ಗೋ ಸೇರಿದ್ದು. ಇದರಲ್ಲಿ ನಾನು ಸ್ವಲ್ಪ ಮಡಿವಂತ. ಮೇಕ್‌ಫೈಲ್‌ನಲ್ಲಿ ಅಂಥ ಸಾಲು ಕಂಡರೆ, ಕೆಲಸ ನಡೆಯುತ್ತಿದ್ದರೂ ತೆಗೆಯುತ್ತೇನೆ.

ತಿದ್ದಿದ್ದನ್ನು ನಮ್ಮಲ್ಲೇ ಪ್ಯಾಚ್ ಆಗಿ ಇಟ್ಟುಕೊಂಡರೆ ಪ್ರತಿ ಹೊಸ ಆವೃತ್ತಿಗೂ ಅದೇ ಗೋಳು. ಮೂಲ ಬರೆದವರಿಗೆ ಕಳಿಸಿದರೆ ಹೆಚ್ಚಿನವರು ಖುಷಿಯಿಂದಲೇ ತೆಗೆದುಕೊಳ್ಳುತ್ತಾರೆ. ಶುಕ್ರವಾರದ ಡೆಸ್ಟ್‌ಡಿರ್ ಪ್ಯಾಚ್ ಎರಡೇ ದಿನದಲ್ಲಿ ಸೇರಿತು. ಅವರ ಮೆಷಿನ್‌ನಲ್ಲೂ ಎಲ್ಲ ಸರಿಯಾಗಿಯೇ ಓಡುತ್ತಿತ್ತಂತೆ, ಪಾಪ.

ಈಗ ಪರೀಕ್ಷೆಯನ್ನು ಬಿಲ್ಡ್ ಕಂಟೇನರ್‌ನಲ್ಲಿ ಮಾಡುವುದಿಲ್ಲ. ಪ್ಯಾಕೇಜ್ ಕಟ್ಟುವ ಎಸ್‌ಬಿಲ್ಡ್‌ನಲ್ಲಿ ಪ್ರತಿ ಸಲ ಹೊಸ ಚ್‌ರೂಟ್ (ಒಂದು ಡೈರೆಕ್ಟರಿಯೊಳಗಿನ ಪ್ರತ್ಯೇಕ ಪುಟ್ಟ ಸಿಸ್ಟಮ್), ಆಮೇಲೆ ಪಿಯುಪಾರ್ಟ್ಸ್ ಅನ್ನುವ ಪರೀಕ್ಷೆಯ ಪ್ರೋಗ್ರಾಂ ಇನ್ನೊಂದು ಬರಿದಾದ ಚ್‌ರೂಟ್‌ನಲ್ಲಿ ಪ್ಯಾಕೇಜ್ ಹಾಕಿ, ತೆಗೆದು, ಏನಾದರೂ ಉಳಿಯಿತಾ ಅಂತ ನೋಡುತ್ತದೆ. ಆ ದೊಡ್ಡ ರೂಲ್ಸ್ ಫೈಲ್ 140ರಿಂದ 19 ಸಾಲಿಗೆ ಇಳಿದಿದೆ. ಅದರಲ್ಲಿ ಏಳು ಸಾಲು ಕಾಮೆಂಟ್, ಮೂರು ಸಾಲು ಆ ಸೆಟ್‌ಜಿಐಡಿಯದ್ದೇ. ಅಕೌಂಟ್ಸ್‌ನ ಮೇಡಂಗೆ ಕನ್ನಡ ಮೆನು ಬಂತು. ಎರಡು ದಿನ ಬಳಸಿ, "ಪ್ರಿಂಟ್ ಅನ್ನೋದಕ್ಕೆ ಮುದ್ರಿಸು ಅಂತ ಹಾಕಿದ್ದಾರೆ ಕಣಪ್ಪ, ಹುಡುಕೋಕೇ ಆಗ್ಲಿಲ್ಲ" ಅಂತ ವಾಪಸ್ ಇಂಗ್ಲಿಷಿಗೆ ಹೋದರು.