ತಗಡು ತೆಗೆಸಿದ ಕನಸು

ಆರಿದ್ರ ಮಳೆ ಹಿಡಿದರೆ ನಮ್ಮ ಮನೆಯಲ್ಲಿ ರಾತ್ರಿ ಎಂಟಕ್ಕೆಲ್ಲ ಊಟ ಮುಗಿಯುತ್ತದೆ. ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮೂರು ವರ್ಷದ ಹಿಂದೆ ಅಂಥದೊಂದು ಮಳೆಗಾಲದಲ್ಲಿ, ನಮ್ಮ ಕಡೆ ದೇವರ ಹತ್ತಿರ ಹೂ ಕೇಳುತ್ತಾರಲ್ಲ, ಹಾಗೆ ನಾನು ಕನಸು ಕೇಳಲು ಕೂತೆ.

ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಅಂಚಿಗಿರುವ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ಏರಿದಾಗ ಹಳೇ ಮನೆ, ಗದ್ದೆ ಎಲ್ಲ ಮುಳುಗಿ ಮಾವನ ಅಪ್ಪ ಮೇಲಿನ ಗುಡ್ಡಕ್ಕೆ ಬಂದರಂತೆ. ಹೊತ್ತು ತಂದ ಸಾಮಾನಿನಲ್ಲಿ ಚೌಡಿ ದೇವಿಯ ಕಲ್ಲೂ ಒಂದು. ಮೊಣಕಾಲೆತ್ತರ ಕೂಡ ಇಲ್ಲ, ಕಣ್ಣು ಮೂಗು ಕೆತ್ತಿಲ್ಲ. ತೋಟದ ತಲೆಯಲ್ಲಿ ರಂಜಲು ಮರದ ಬುಡಕ್ಕೆ ಅದನ್ನಿಟ್ಟು, ಸುತ್ತಲಿನ ಅರ್ಧ ಎಕರೆ ಕಾಡನ್ನು ಬನ ಅಂತ ಬಿಟ್ಟರು. ಅಲ್ಲಿ ಕತ್ತಿ ಹಾಕುವಂತಿಲ್ಲ, ಬಿದ್ದ ಒಣ ಕೊಂಬೆಯನ್ನೂ ಒಲೆಗೆ ತರುವಂತಿಲ್ಲ.

ನಾನು ಶಿವಮೊಗ್ಗ ಪೇಟೆಯಲ್ಲಿ ಬೆಳೆದವಳು. ಮದುವೆಯಾಗಿ ಬಂದ ಹೊಸತರಲ್ಲಿ ಬನದ ದಾರಿಯಲ್ಲಿ ಒಬ್ಬಳೇ ಹೋಗಲು ಎದೆ ನಡುಗುತ್ತಿತ್ತು. ನಾಲ್ಕೈದು ವರ್ಷ ದೀಪ ಹಚ್ಚುತ್ತಾ ಹಚ್ಚುತ್ತಾ ಆ ಕಲ್ಲು ನನಗೆ ತವರಿನಷ್ಟು ಹತ್ತಿರವಾಯಿತು.

ಮೊಬೈಲಿನಲ್ಲಿ ಏನೋ ಓದುತ್ತಿದ್ದಾಗ ಯುರೋಪಿನಲ್ಲಿ ತಮ್ಮನ್ನು ತಾವೇ ಪೇಗನ್ ಎಂದು ಕರೆದುಕೊಂಡು ಹಳೆಯ ದೇವರುಗಳನ್ನು ಮತ್ತೆ ಪೂಜಿಸುವವರ ವಿಷಯ ಸಿಕ್ಕಿತು. ಪೇಗನ್ ಎಂಬುದರ ಮೂಲ ಲ್ಯಾಟಿನ್ ಪದ ಪಗಾನುಸ್, ಹಾಗೆಂದರೆ ಹಳ್ಳಿಯವನು. ಕ್ರೈಸ್ತರು ಹಳೇ ದೇವರನ್ನು ಬಿಡದವರಿಗೆ ಇಟ್ಟ ಹೆಸರದು. ಓದಿ ಖುಷಿಯಾಯಿತು. ಮರ, ಕಲ್ಲು, ಒರತೆಗೆ ಕೈಮುಗಿಯುವ ನಾವೂ ಅದೇ ಸಾಲಿನವರಲ್ಲವೇ. ಅವರು ಕನಸನ್ನು ಸಾಧನೆಯಾಗಿ ಮಾಡುತ್ತಾರೆ, ಅದಕ್ಕೆ ಹಳೆಯ ಬೇರಿದೆ. ಗ್ರೀಸ್ ದೇಶದ ಎಪಿಡಾರಸ್ ಎಂಬಲ್ಲಿ ಅಸ್ಕ್ಲೇಪಿಯಸ್ ಎಂಬ ವೈದ್ಯದೇವರ ಕ್ಷೇತ್ರವಿತ್ತು. ರೋಗಿಗಳು ಸ್ನಾನ ಮಾಡಿ, ಕಾಣಿಕೆ ಕೊಟ್ಟು, ಅಲ್ಲೇ ಒಂದು ಮಂಟಪದಲ್ಲಿ ಮಲಗುತ್ತಿದ್ದರು. ದೇವರು ಕನಸಿನಲ್ಲಿ ಬಂದು ಮದ್ದು ಹೇಳಬೇಕು. ವಾಸಿಯಾದವರ ಕತೆಗಳನ್ನು ಕೆತ್ತಿದ ಕಲ್ಲುಗಳು ಈಗಲೂ ಉಳಿದಿವೆ. ಆ ದೇವರ ಕೋಲಿಗೂ ಹಾವು ಸುತ್ತಿದೆ, ನಮ್ಮ ನಾಗರ ಬನದ ಕಲ್ಲಿನಲ್ಲೂ ಹಾವು.

ಈಗಿನ ಪೇಗನ್ನರಲ್ಲಿ ಮಗ್‌ವರ್ಟ್ ಎಂಬ ಸೊಪ್ಪನ್ನು ದಿಂಬಿನ ಕೆಳಗೆ ಇಡುವ ಪದ್ಧತಿ ಇದೆ. ಗಣಪತಿಗೆ ಏರಿಸುವ 21 ಪತ್ರೆಗಳಲ್ಲಿ ಮಾಚಿಪತ್ರೆ ಇದೆಯಲ್ಲ, ಅದೇ ಕುಲದ ಗಿಡ. ನಮ್ಮ ಹಿತ್ತಲಲ್ಲೇ ಇದೆ. ಒಣಗಿಸಿದ ಒಂದು ಹಿಡಿಯನ್ನು ಬಟ್ಟೆಯಲ್ಲಿ ಕಟ್ಟಿ ತಲೆದೆಸೆಯಲ್ಲಿ ಇಟ್ಟುಕೊಂಡೆ. ಅದರಿಂದಲೇ ಕನಸು ಬಿತ್ತು ಅನ್ನಲಾರೆ. ಆದರೆ ಆ ವಾಸನೆ ಮೂಗಿಗೆ ಬಿದ್ದ ಕೂಡಲೇ ಮೈ ‘ಈಗ ಆ ಹೊತ್ತು’ ಅಂತ ತಿಳಿದುಕೊಳ್ಳುತ್ತಿತ್ತು. (ಕಷಾಯ ಮಾಡಿ ಕುಡಿಯುವ ಗೋಜಿಗೆ ಯಾರೂ ಹೋಗಬೇಡಿ, ಬಸುರಿಯರಂತೂ ಬೇಡವೇ ಬೇಡ.)

ಮೊದಲ ಹದಿನೈದು ದಿನ ಕೈಗೆ ಏನೂ ಹತ್ತಲಿಲ್ಲ. ಏಳುವಾಗ ಏನೋ ಇದ್ದಂತೆ, ಚಹಾಕ್ಕೆ ನೀರಿಡುವಷ್ಟರಲ್ಲಿ ಎಲ್ಲ ಅಳಿಸಿ ಹೋದಂತೆ. ಕನಸು ಹಿಡಿಯುವುದು ಕಟ್ಟಿಗೆ ಕಡಿದಂತೆ ಕೈಗೆ ಕೂರುವ ಕೆಲಸ ಅಂತ ಆಮೇಲೆ ಗೊತ್ತಾಯಿತು. 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಅವರು ನಿದ್ದೆಯ ನಡುನಡುವೆ ಕಣ್ಣುಗುಡ್ಡೆ ಸರಸರ ಓಡಾಡುವ ಹೊತ್ತನ್ನು ಗುರುತಿಸಿದ್ದರು. ಆಗ ಎಬ್ಬಿಸಿದರೆ ಹೆಚ್ಚಿನವರು ಕನಸು ಹೇಳುತ್ತಾರೆ. ಈ ಹೊತ್ತು ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ, ಬೆಳಗಾಗುತ್ತಾ ಉದ್ದವಾಗುತ್ತದೆ. ಬೆಳಗಿನ ಜಾವದ ಕನಸಿಗೆ ನಮ್ಮ ಹಿರಿಯರು ಅಷ್ಟು ಬೆಲೆ ಕೊಟ್ಟದ್ದು ಸುಮ್ಮನೆ ಅಲ್ಲ. ಹಾಗಾಗಿ ನಾಲ್ಕೂವರೆಗೆ ಏಳುವ ರೂಢಿ ಮಾಡಿಕೊಂಡೆ. ಅಲಾರಾಂ ಇಟ್ಟರೆ ಕನಸು ಬೆದರಿ ಓಡುತ್ತಿತ್ತು. ಮಲಗುವ ಮೊದಲು ಒಂದು ಚೊಂಬು ನೀರು ಕುಡಿದರೆ ಮೈಯೇ ಎಬ್ಬಿಸುತ್ತಿತ್ತು.

ಎಚ್ಚರವಾದ ಮೇಲೆ ಮಗ್ಗುಲು ಬದಲಿಸಬಾರದು. ಇದೊಂದನ್ನು ಗಟ್ಟಿಯಾಗಿ ಹೇಳುತ್ತೇನೆ. ಮೈ ಹೊರಳಿದರೆ ಕನಸೂ ಹೊರಳಿ ಹೋಗುತ್ತದೆ. ಕಣ್ಣು ಮುಚ್ಚಿಕೊಂಡೇ ಕೊನೆಯಲ್ಲಿ ಕಂಡದ್ದರ ಬಾಲ ಹಿಡಿದು ಹಿಂದಕ್ಕೆ ಹೋಗಬೇಕು. ಬಾಗಿಲು ಕಂಡಿತು, ಅದಕ್ಕೂ ಮೊದಲು ಯಾರೋ ಕರೆದರು, ಅದಕ್ಕೂ ಮೊದಲು ನಾನು ಬತ್ತ ಕೇರುತ್ತಿದ್ದೆ, ಹೀಗೆ. ಆಮೇಲೆ ಕೈಚಾಚಿ ಪುಸ್ತಕ. ಮಳೆಗಾಲದಲ್ಲಿ ಹಾಳೆ ತೇವ ಹಿಡಿದು ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ಲೇ ಒಳ್ಳೆಯದು. ತಾರೀಖಿನ ಬದಲು ನಾನು ಮಳೆಯ ಹೆಸರು ಬರೆಯುತ್ತಿದ್ದೆ: ‘ಪುನರ್ವಸು, ಆರನೇ ದಿನ, ಗಾಳಿ ಜೋರು.’ ಶಾಲೆಯ ಕನ್ನಡದಲ್ಲಿ ಬರೆದಾಗ ಕನಸು ಕತೆಯಂತಾಗಿ, ಇಲ್ಲದ್ದೆಲ್ಲ ಸೇರಿಕೊಳ್ಳುತ್ತಿತ್ತು. ‘ಬಂತು, ಕೂತ್ಕಂತು, ಎಂತದೂ ಹೇಳ್ಲಿಲ್ಲ’ ಅಂತ ಬಾಯಿಮಾತಿನಲ್ಲಿ ಬರೆದಾಗಲೇ ಅದು ಕಂಡಂತೆ ಉಳಿದದ್ದು.

ಇನ್ನು ಕೇಳುವ ಬಗೆ. ಬಚ್ಚಲಲ್ಲಿ ಬಿಸಿನೀರು ಮಿಂದು, ದೀಪದ ಮುಂದೆ ಕೂತು, ಒಂದೇ ಒಂದು ಮಾತನ್ನು ಬಾಯಿಬಿಟ್ಟು ಕೇಳಬೇಕು. ‘ನಾಳೆ ಏನಾಗುತ್ತದೆ’ ಅಂತ ಕೇಳಬಾರದು. ನಾನು ಕೇಳಿ ಕೆಟ್ಟಿದ್ದೇನೆ. ಆಗ ಎಲ್ಲ ಕನಸೂ ಶಕುನದಂತೆ ಕಾಣತೊಡಗಿತ್ತು. ಹಲ್ಲು ಬಿದ್ದಂತೆ ಕನಸಾದ ಬೆಳಿಗ್ಗೆ ಪಂಚಾಂಗದ ‘ಕನಸಿನ ಫಲ’ದ ಪುಟ ತೆಗೆದು, ಹತ್ತಿರದವರಿಗೆ ಕೇಡು ಎಂದಿದ್ದನ್ನು ಓದಿ, ಶಿವಮೊಗ್ಗದಲ್ಲಿದ್ದ ಅಮ್ಮನಿಗೆ ಮಧ್ಯಾಹ್ನದೊಳಗೆ ಒಂಬತ್ತು ಸಲ ಫೋನ್ ಮಾಡಿದ್ದೆ. ಅಮ್ಮ ಆರಾಮಾಗಿದ್ದರು. ನನ್ನದೇ ದವಡೆ ಹಲ್ಲು ಹುಳುಕಾಗಿತ್ತು. ಆ ದಿನವೇ ಆ ಪುಟವನ್ನು ಮುಚ್ಚಿದೆ. ಒಬ್ಬರ ಹಾವು ಇನ್ನೊಬ್ಬರ ಹಾವಲ್ಲ.

ಆ ವರ್ಷ ನನ್ನ ಮಾತು ಇದಾಗಿತ್ತು: ‘ಅಮ್ಮಾ ಚೌಡಿ, ನಿಂಗೆ ಎಂತ ಬೇಕು?’

ಕಾರಣವಿತ್ತು. ಬೆಂಗಳೂರಿನಲ್ಲಿರುವ ಭಾವ ಬನದಲ್ಲಿ ಕಾಂಕ್ರೀಟ್ ಗುಡಿ ಕಟ್ಟಿ ಟೈಲ್ಸ್ ಹಾಕಿಸೋಣ ಅಂದಿದ್ದರು. ಮನೆಯಲ್ಲಿ ಅರ್ಧ ಜನಕ್ಕೆ ಬೇಕು, ಅರ್ಧ ಜನಕ್ಕೆ ಬೇಡ. ನಾನು ಬೇಕು ಅನ್ನುವವರ ಕಡೆ. ಅದಕ್ಕೂ ಎರಡು ವರ್ಷ ಮೊದಲು ಕಲ್ಲಿನ ಮೇಲೆ ನಾಲ್ಕು ಗೂಟ ನೆಟ್ಟು ತಗಡು ಹೊದಿಸಿದ್ದೇ ನಾನು. ಹಚ್ಚಿದ ಕುಂಕುಮ ತೊಳೆದು ಹೋಗುತ್ತಿತ್ತು, ದೀಪ ನಿಲ್ಲುತ್ತಿರಲಿಲ್ಲ. ನಾವು ಬೆಚ್ಚಗೆ ಒಲೆ ಮುಂದೆ ಕೂತು ಅವಳನ್ನು ಮಳೆಯಲ್ಲಿ ಬಿಟ್ಟಿದ್ದೇವಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು.

ಪುಷ್ಯ ಮಳೆಯ ನಾಲ್ಕನೇ ದಿನ ಕನಸು ಬಿತ್ತು. ಗುರುತಿಲ್ಲದ ಒಬ್ಬ ಹೆಂಗಸು, ವಯಸ್ಸಾದವಳು, ಹೊಳೆದಂಡೆಯಲ್ಲಿ ನಿಂತು ಸೀರೆ ಹಿಂಡುತ್ತಿದ್ದಾಳೆ. ಇನ್ನೊಂದು ತುದಿ ಹಿಡಿ ಅಂದಳು. ಹಿಡಿದು ತಿರುಚಿದೆ. ಒಂದು ಹನಿ ನೀರೂ ಬರಲಿಲ್ಲ. ಸೀರೆ ಗರಿಗರಿ ಒಣಗಿ, ತಿರುಚಿದಲ್ಲೆಲ್ಲ ಒಡೆದು ಪುಡಿಯಾಗಿ ಉದುರುತ್ತಿತ್ತು. ಅವಳು ಬೈಯಲಿಲ್ಲ, ನನ್ನ ಮುಖ ನೋಡುತ್ತಾ ಹಿಂಡುತ್ತಲೇ ಇದ್ದಳು. ಅದೇ ಕನಸು ಮತ್ತೆರಡು ಸಲ ಬಂತು. ಮೂರನೇ ಸಲ ಎದ್ದಾಗ ಅಂಗೈಯಲ್ಲಿ ಆ ಪುಡಿ ಇದ್ದಂತೆಯೇ ಅನಿಸಿ, ಕತ್ತಲಲ್ಲಿ ಕೈ ಕೊಡವಿಕೊಂಡೆ.

ಅರ್ಥ ಹುಡುಕಲು ಹೋಗಲಿಲ್ಲ. ಬೆಳಕು ಹರಿದ ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡು, ಇಂಬಳ (ಜಿಗಣೆ) ಹತ್ತದಂತೆ ಕಾಲಿಗೆ ಸುಣ್ಣ-ಹೊಗೆಸೊಪ್ಪು ತಿಕ್ಕಿಕೊಂಡು ಬನಕ್ಕೆ ಹೋದೆ. ಅವತ್ತೇ ಮೊದಲ ಬಾರಿಗೆ ಕೂತು ನೋಡಿದ್ದು. ಸುತ್ತಲೂ ಮರದ ಕಾಂಡ, ಬೇರು, ಬಿದ್ದ ಎಲೆ ಎಲ್ಲ ಹಸಿರು ಕಾರುತ್ತಿವೆ. ತಗಡಿನ ಅಡಿಯ ಕಲ್ಲು ಮಾತ್ರ ಬೂದಿಬಣ್ಣ. ಅದರ ಮೈಮೇಲೆ ದಪ್ಪಗೆ ಬೆಳೆದಿದ್ದ ಹಾವಸೆ ಕಂದಾಗಿ ಸತ್ತುಹೋಗಿತ್ತು. ಬೆರಳು ತಾಗಿಸಿದರೆ ಪುಡಿ. ಕನಸಿನಲ್ಲಿ ಉದುರಿದ್ದು ಅದೇ ಪುಡಿ.

ಎರಡು ವರ್ಷ ದೀಪ ಹಚ್ಚಲು ಹೋದಾಗಲೆಲ್ಲ ನನ್ನ ಕಣ್ಣಿಗೆ ಅದು ಬಿದ್ದೇ ಇರಬೇಕು, ನಾನೇ ನೋಡಿರಲಿಲ್ಲ ಅಂತ ಯಾರಾದರೂ ಹೇಳಿದರೆ ಇಲ್ಲ ಎನ್ನಲಾರೆ. ಆದರೆ ಸೀರೆಯ ತುದಿ ಕೈಗೆ ಕೊಟ್ಟವಳು ಚೌಡಿ ಅಂತಲೇ ನಾನು ನಂಬುತ್ತೇನೆ.

ಕನಸು ನನ್ನದು, ದೇವರು ಮನೆಯವರೆಲ್ಲರದ್ದು. ಹಾಗಾಗಿ ಒಬ್ಬಳೇ ತಗಡಿಗೆ ಕೈ ಹಾಕಲಿಲ್ಲ. ಕನಸನ್ನು ನೆಚ್ಚಿ ಇನ್ನೊಬ್ಬರಿಗೆ ತಾಗುವ ಕೆಲಸಕ್ಕೆ ಇಳಿಯುವುದು ತಪ್ಪು ಅಂತ ಈಗಲೂ ಅಂದುಕೊಂಡಿದ್ದೇನೆ. ಮಾವನಿಗೆ ಹೇಳಿದೆ. ಅವರು ಕವಳ ಹಾಕಿಕೊಂಡು ತುಂಬಾ ಹೊತ್ತು ಸುಮ್ಮನಿದ್ದು, ‘ಹಳೇ ಊರಲ್ಲಿ ಅದು ಹೊಳೆ ಬಾಯಲ್ಲೇ ಇತ್ತು ಮಾರಾಯ್ತಿ. ಮಳೆಗಾಲದಲ್ಲಿ ಅರ್ಧ ನೀರಲ್ಲೇ ಇರ್ತಿತ್ತು’ ಅಂದರು. ಈ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆಮೇಲೆ, ‘ಹೂ ಕೇಳಾನ. ಬೇಡದಿದ್ರೆ ಅದೇ ಹೇಳ್ತದೆ’ ಅಂದರು.

ಶುಕ್ರವಾರ ಮನೆಯವರೆಲ್ಲ ಬನಕ್ಕೆ ಹೋದೆವು. ಮಾವ ಅಡಿಕೆ ಸಿಂಗಾರದ ಎರಡು ಎಸಳನ್ನು ನೀರಿನಲ್ಲಿ ಅದ್ದಿ ಕಲ್ಲಿನ ಎಡಬಲಕ್ಕೆ ಅಂಟಿಸಿದರು. ಬಲದ್ದು ಬಿದ್ದರೆ ತಗಡು ತೆಗೆಯುವುದು, ಎಡದ್ದು ಬಿದ್ದರೆ ಇರಲಿ ಬಿಡುವುದು. ತಗಡಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ಮಾವ ಹೇಳಿಕೊಂಡದ್ದು ಪಕ್ಕದಲ್ಲಿದ್ದ ನಮಗೂ ಕೇಳಿಸಲಿಲ್ಲ. ಮುಕ್ಕಾಲು ಗಂಟೆ ಕಾದೆವು. ಬಲದ ಎಸಳು ಮೆಲ್ಲಗೆ ಜಾರಿ, ಅರ್ಧದಲ್ಲಿ ತಡೆದು ನಿಂತು, ಆಮೇಲೆ ಬಿತ್ತು.

ಗೂಟ ಕಿತ್ತವರು ನನ್ನ ಗಂಡ ಮತ್ತು ಮೈದುನ. ತಗಡು ಸರಿದಾಗ ಕಲ್ಲಿನ ಮೇಲೆ ಬಿದ್ದ ಮೊದಲ ನೀರು ಪುಡಿಯನ್ನೆಲ್ಲ ತೊಳೆದುಕೊಂಡು ಮಣ್ಣಿಗೆ ಇಳಿಯಿತು. ನನಗೆ ಅಳು ಬಂತು. ಯಾರೂ ಏನೂ ಕೇಳಲಿಲ್ಲ.

ಗುಡಿಯ ಮಾತನ್ನು ಭಾವ ಆಮೇಲೆ ಎತ್ತಲಿಲ್ಲ, ಮಾವನೇ ಫೋನಿನಲ್ಲಿ ಮಾತಾಡಿದ್ದರು. ಮಘೆ ಮಳೆ ಮುಗಿಯುವ ಹೊತ್ತಿಗೆ ಕಲ್ಲಿನ ಬುಡದಲ್ಲಿ ಉಗುರಿನಗಲ ಹಸಿರು ಕಂಡಿತು, ಮರುವರ್ಷ ಅರ್ಧ ಮೈ ಮುಚ್ಚಿತ್ತು. ಕುಂಕುಮ ಈಗಲೂ ತೊಳೆದು ಹೋಗುತ್ತದೆ, ಮತ್ತೆ ಹಚ್ಚುತ್ತೇನೆ. ತಗಡು ಕೊಟ್ಟಿಗೆ ಹಿಂದಿನ ಸೌದೆ ರಾಶಿಯ ಮೇಲಿದೆ.